ಹಳೆಯ ವಿದ್ಯಾರ್ಥಿಯ ಋಣ

ನಿವೃತ್ತನಾದ ವರ್ಷ, ನಾನು ಓದಿದ ದೇಶನೂರಿನ ಶಾಲೆಗೆ ಗೋಡೆಗಡಿಯಾರವೊಂದನ್ನು ಕೊಟ್ಟು ಋಣ ತೀರಿತೆಂದೇ ಬಗೆದಿದ್ದೆ. ಎಚ್. ನರಸಿಂಹಯ್ಯನವರ ಬಾಳನ್ನು ನೆನೆದಾಗ ನಾಚಿಕೆಯಾಯಿತು.

ಗೌರಿಬಿದನೂರಿನ ಕಡೆಯ ಹೊಸೂರಿನಿಂದ 1935ರಲ್ಲಿ ನಡೆದೇ ಬೆಂಗಳೂರು ಸೇರಿ, ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಬಡ ಹುಡುಗ ಅವರು. 1946ರಲ್ಲಿ ಅದೇ ಸಂಸ್ಥೆಯ ಕಾಲೇಜಿಗೆ ಭೌತಶಾಸ್ತ್ರದ ಅಧ್ಯಾಪಕರಾಗಿ ಮರಳಿದರು. ಮುಂದೆ ಪ್ರಾಂಶುಪಾಲರೂ ಆದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಾರವಾರವೂ ವಿಜ್ಞಾನೋಪನ್ಯಾಸಕ್ಕೆ ಊರವರನ್ನು ಕರೆದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದಾಗಲೂ ಅವರ ವಾಸ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ.

ಅಷ್ಟು ನಮ್ಮಿಂದಾಗದು, ನಾನಂತೂ ಸಂಸಾರಿ. ಆದರೆ ಶನಿವಾರದ ಬೆಳಗಿನ ಶಾಲೆ ಉಂಟಲ್ಲ! ಸಿರುಗುಪ್ಪದ ಬಸ್ಸು ಹಿಡಿದು ಹೋಗಿ, ಮಕ್ಕಳಿಗೆ ಹಳಗನ್ನಡದ ಪದ್ಯ ಓದುವ ಬಗೆಯನ್ನು ಹೇಳಿಕೊಡುತ್ತಿದ್ದೇನೆ. ಮೊದಲ ದಿನ ನೋಡಿದರೆ ನನ್ನ ಗಡಿಯಾರ ನಿಂತಿತ್ತು. ಸೆಲ್ಲು ಹಾಕಿಸಿದೆ.