ಹ್ಯೂಸ್ಟನ್ನಿನ ಸಂಜೆವಾರ್ತೆಯ ಡೇವ್ ವಾರ್ಡ್

‘ಗುಡ್ ಈವನಿಂಗ್, ಫ್ರೆಂಡ್ಸ್’ ಎಂಬ ಮಾತು ಟಿವಿಯಲ್ಲಿ ಕೇಳಿಸಿತೆಂದರೆ ಅಮೆರಿಕದ ಹ್ಯೂಸ್ಟನ್ ನಗರಕ್ಕೆ ಸಂಜೆವಾರ್ತೆಯ ಹೊತ್ತಾಯಿತೆಂದೇ ಲೆಕ್ಕವಾಗಿತ್ತು. ಆ ಮಾತು ಡೇವ್ ವಾರ್ಡ್ ಅವರದು.

ರೇಡಿಯೋದಲ್ಲಿ ಪಳಗಿದ್ದ ವಾರ್ಡ್ ಅಲ್ಲಿನ ಕೆಟಿಆರ್‌ಕೆ ವಾಹಿನಿಗೆ ವರದಿಗಾರರಾಗಿ ಸೇರಿದ್ದು 1966ರಲ್ಲಿ. ಬೇಗನೆ ವಾರ್ತಾವಾಚಕರಾದರು, ಆ ಕುರ್ಚಿ ಬಿಟ್ಟದ್ದು 2017ರಲ್ಲಿ. ಅಪೊಲೊ ಯಾನಗಳ ಕಾಲದಿಂದ ಚಂಡಮಾರುತಗಳವರೆಗೆ ಊರಿನ ಸುದ್ದಿಯೆಲ್ಲ ಅವರ ದನಿಯಲ್ಲೇ ಹಾದುಹೋಯಿತು. ಒಂದೇ ಊರಿನಲ್ಲಿ ಅತಿ ದೀರ್ಘಕಾಲ ವಾರ್ತೆ ಓದಿದವರೆಂದು ಗಿನ್ನೆಸ್ ದಾಖಲೆಯೂ ಸಂದಿತು.

ಆದರೆ ಅವರ ಕೆಲಸ ಸ್ಟುಡಿಯೋದಲ್ಲೇ ಮುಗಿಯಲಿಲ್ಲ. ಬೇರೆಡೆ ಹುಟ್ಟಿದ ಅಪರಾಧ ಪತ್ತೆಯ ಪದ್ಧತಿಯೊಂದನ್ನು ತಮ್ಮ ಊರಿಗೆ ತರುವುದರಲ್ಲೂ ಅವರ ಕೈಯಿತ್ತು.

1976ರಲ್ಲಿ ಅಮೆರಿಕದ ಇನ್ನೊಂದು ನಗರ ಆಲ್ಬುಕರ್ಕಿಯ ಪೊಲೀಸ್ ಪತ್ತೇದಾರ ಗ್ರೆಗ್ ಮೆಕಲೀಸ್ ಕೊಲೆಯೊಂದರ ಸುಳಿವಿಗಾಗಿ ಘಟನೆಯನ್ನು ಮರುನಟನೆ ಮಾಡಿಸಿ ಟಿವಿಯಲ್ಲಿ ತೋರಿಸಿದ್ದರು. ಫೋನ್ ಮಾಡುವವರು ಹೆಸರು ಹೇಳಬೇಕಿಲ್ಲ, ಸುಳಿವು ಫಲಿಸಿದರೆ ನಗದು ಬಹುಮಾನ. ಸಾಕ್ಷಿ ಹೇಳಲು ಹೆದರುತ್ತಿದ್ದವರ ಬಾಯಿ ಬಿಡಿಸಿದ ಈ ‘ಕ್ರೈಮ್ ಸ್ಟಾಪರ್ಸ್’ ಪದ್ಧತಿ ಊರಿಂದೂರಿಗೆ ಹಬ್ಬಿತು. 1980ರಲ್ಲಿ ಹ್ಯೂಸ್ಟನ್ನಿನಲ್ಲಿ ಅದು ಬೇರೂರುವಾಗ ಸ್ಥಾಪಕರ ಸಾಲಿನಲ್ಲಿ ವಾರ್ಡ್ ಇದ್ದರು. ಪೊಲೀಸರು, ದಾನಿಗಳು, ಮಾಧ್ಯಮ ಮೂವರೂ ಕೈಜೋಡಿಸದೆ ನಡೆಯದ ಈ ವ್ಯವಸ್ಥೆಗೆ ಜನ ನಂಬುವ ಮುಖವೊಂದು ಬೇಕಿತ್ತು.

ಹ್ಯೂಸ್ಟನ್ನಿನ ಕ್ರೈಮ್ ಸ್ಟಾಪರ್ಸ್ ಸಂಸ್ಥೆಯ ಈಗಿನ ಪ್ರಧಾನ ಕಚೇರಿಗೆ ವಾರ್ಡ್ ಅವರದೇ ಹೆಸರಿದೆ.