ಸವೆದ ಸರಪಳಿ, ನಿಂತ ಗಡಿಯಾರ: ಜಾಗಾ ತೋರಿಸೋ ಸಾಮಾನಿನ ರಿಪೇರಿ ಇತಿಹಾಸ

ಇವತ್ತಿನ ಬರಹ ಸ್ವಲ್ಪ ಉದ್ದ ಐತಿ, ಪುರಸೊತ್ತು ಮಾಡಿಕೊಂಡು ಓದ್ರಿ.

ಕಬ್ಬಿನ ಸೀಜನ್ ಬಂತಂದ್ರ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಎಲ್ಲಾರ ಬಾಯಾಗೂ ಒಂದೇ ಮಾತು: "ಟ್ರ್ಯಾಕ್ಟರ್ ಎಲ್ಲಿಗೆ ಬಂತು? ಲೊಕೇಶನ್ ಹಾಕು." ಹೊಲದ ಹದ್ದು ನೋಡಾಕೂ ಈಗ ಮೊಬೈಲ್ ಹಿಡಿದು ಬದುವಿನ ಮ್ಯಾಲೆ ನಡ್ಯಾವರು ಅದಾರ. ಈ ಲೊಕೇಶನ್ ಗಾಳಿಯಂಗ ಪುಕ್ಕಟೆ ಸಿಗ್ತೈತಿ ಅಂತ ನಾವು ತಿಳಕೊಂಡೀವಿ. ಅದರ ಹಿಂದ ಸಾಮಾನು ಐತ್ರಿ. ಸಾಮಾನು ಅಂದಮ್ಯಾಲೆ ಸವೀತೈತಿ, ಕೆಡತೈತಿ, ಬದಲ ಮಾಡಬೇಕಾಗತೈತಿ. ಜಾಗಾ ತೋರಿಸೋ ಸಾಮಾನನ್ನ ಯಾರು ಕಾದರು, ಎಲ್ಲಿ ಕಾಯೋದು ತಪ್ಪಿತು ಅನ್ನೋದೇ ಇವತ್ತಿನ ಇತಿಹಾಸ.

ಮೊದಲು ಸರಪಳಿ

ನಮ್ಮ ಬೆಳಗಾವಿ ಜಿಲ್ಲೆ 1956ರ ತನಕ ಮುಂಬೈ ಪ್ರಾಂತ್ಯದಾಗ ಇತ್ತು. ಅದಕ್ಕ ನಮ್ಮ ಹೊಲಗಳ ಲೆಕ್ಕಾನೂ ಮುಂಬೈ ಸರ್ವೆ ಪದ್ಧತಿಯದು. 1830ರ ದಶಕದಾಗ ಪುಣೆ ಕಡೆಯ ಇಂದಾಪುರದಾಗ ವಿಂಗೇಟ್, ಗೋಲ್ಡ್‌ಸ್ಮಿಡ್ ಅನ್ನೋ ಅಧಿಕಾರಿಗಳು ಶುರು ಮಾಡಿದ ಪದ್ಧತಿ ಆಮ್ಯಾಲೆ ನಮ್ಮ ಕಡೆಗೂ ಬಂತು. ಅದರ ಮುಖ್ಯ ಸಾಮಾನು 33 ಅಡಿಯ ಸರಪಳಿ. ಸರಪಳಿಗೆ 16 ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದ್ರ 1 ಗುಂಟೆ, ಅಂದ್ರ 1089 ಚದರ ಅಡಿ. 40 ಗುಂಟೆಗೆ 1 ಎಕರೆ. ಇವತ್ತಿನ ಉತಾರದಾಗ ಇರೋ ಗುಂಟೆ ಆ ಸರಪಳಿಯ ಮೊಮ್ಮಗ.

ಸರಪಳಿ ಕಬ್ಬಿಣದ್ದು. ಕಲ್ಲು, ಮುಳ್ಳು, ಕೆಸರಿನಾಗ ಎಳದು ಎಳದು ಕೊಂಡಿ ಸವೀತಾವ, ಸರಪಳಿ ಉದ್ದ ಆಗತೈತಿ. ಬರೇ 1 ಇಂಚು ಉದ್ದ ಆತು ಅಂತ ಹಿಡೀರಿ. ಆ ಸರಪಳಿಯಿಂದ ಅಳದ 1 ಎಕರೆಯೊಳಗ ಸುಮಾರು 220 ಚದರ ಅಡಿ ಜಾಸ್ತಿ ಭೂಮಿ ಸೇರಿರತೈತಿ. ಗುಂಟೆ ಲೆಕ್ಕದಾಗ 3 ಆಣೆ. ಅಣ್ಣತಮ್ಮಂದಿರು ಕೋರ್ಟಿಗೆ ಹೋಗಾಕ ಇಷ್ಟು ಸಾಕಲ್ರಿ? ಅದಕ್ಕ ಸರಪಳಿಯನ್ನ ಆಗಾಗ ಗೊತ್ತಿರೋ ಅಳತಿಗೆ ಹಚ್ಚಿ ನೋಡೋದು, ಹೆಚ್ಚಾಗಿದ್ರ ಕೊಂಡಿ ಸರಿ ಮಾಡೋದು ಸರ್ವೆ ಕೆಲಸದ ಮೊದಲನೇ ಪಾಠ ಆಗಿತ್ತು.

ಎರಡನೇ ಸಾಮಾನು ಬಾಂದಕಲ್ಲು. ಇದನ್ನ ಕಾಯೋ ಜವಾಬ್ದಾರಿ ಯಾರದು? 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಪ್ರಕಾರ ತನ್ನ ಜಮೀನಿನ ಗಡಿಗುರುತು ಸುಸ್ಥಿತಿಯಲ್ಲಿ ಇಟ್ಟುಕೊಳ್ಳೋದು ಜಮೀನಿನವನ ಕೆಲಸ. ನಮ್ಮಲ್ಲಿ ಬಹಳ ಮಂದಿಗೆ ಇದು ಗೊತ್ತಿಲ್ಲ. ರೂಟರ್ ಹೊಡೆಯುವಾಗ ಕಲ್ಲು ಕಿತ್ತು ಬಂದ್ರ ಬದುವಿನ ಮ್ಯಾಲೆ ಒಗದು ಮುಂದ ಹೋಗ್ತೀವಿ.

ಆಮ್ಯಾಲೆ ಗಡಿಯಾರ

ಈಗ ಸರಪಳಿ ಆಕಾಶಕ್ಕ ಹೋಗೈತಿ. ಉಪಗ್ರಹ ನಮ್ಮ ಜಾಗಾ ಹೆಂಗ ಹೇಳ್ತೈತಿ? ಅದು ಕಳಿಸೋದು ತಾನು ಎಲ್ಲಿದ್ದೀನಿ, ಈಗ ಟೈಮ್ ಎಷ್ಟು ಅನ್ನೋದನ್ನ ಅಷ್ಟೇ. ಸಂಕೇತ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಬರ್ತದೆ. ಬರಾಕ ಎಷ್ಟು ಹೊತ್ತು ಹಿಡೀತು ಅಂತ ಲೆಕ್ಕ ಹಾಕಿ ಮೊಬೈಲ್ ದೂರ ಕಂಡುಹಿಡೀತೈತಿ. ಹಿಂಗ ಕನಿಷ್ಠ 4 ಉಪಗ್ರಹ ಸಿಕ್ರ ಜಾಗಾ ಗೊತ್ತಾಗತೈತಿ. ಇದರಾಗ ಜೀವ ಇರೋದು ಗಡಿಯಾರದಾಗ. ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದ್ರ ದೂರ 300 ಮೀಟರ್ ತಪ್ಪತೈತಿ. ಹುಕ್ಕೇರಿ ಹೊಲದಾಗ ನಿಂತವ ಮೂರು ಹೊಲ ಆಚೆ ಕಾಣಸ್ತಾನ. ಅದಕ್ಕ ಒಳಗ ರುಬಿಡಿಯಂ ಪರಮಾಣು ಗಡಿಯಾರ ಇಡ್ತಾರ.

ಅಮೆರಿಕದ ಜಿಪಿಎಸ್ 1978ರಲ್ಲಿ ಮೊದಲ ಉಪಗ್ರಹ ಹಾರಿಸಿ, 1995ರ ಹೊತ್ತಿಗೆ ಪೂರ್ತಿ ಆತು. ಕೆಲಸಕ್ಕ ಬೇಕಾದದ್ದು 24. ಆದ್ರ ಅವರು ಮ್ಯಾಲೆ 30ರ ಆಸುಪಾಸು ಇಟ್ಟಿರ್ತಾರ. ಹಳೇದು ಸಾಯೋಕಿಂತ ಮೊದಲೇ ಹೊಸದು ತಯಾರ. ಆದ್ರೂ ಅದು ಮತ್ತೊಬ್ಬರ ಬಾವಿ. 2000ನೇ ಇಸವಿ ಮೇ ತನಕ ಸಾಮಾನ್ಯ ಜನಕ್ಕ ಕೊಡೋ ಸಂಕೇತವನ್ನ ಅವರು ಬೇಕಂತಲೇ ಕೆಡಿಸಿ ಕೊಡ್ತಿದ್ರು, 100 ಮೀಟರ್ ತನಕ ವ್ಯತ್ಯಾಸ ಬರ್ತಿತ್ತು.

ನಮ್ಮ ಸ್ವಂತ ಬಾವಿಗೆ 2006ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಬೆಂಗಳೂರು ಹತ್ರದ ಬ್ಯಾಲಾಳುವಿನಲ್ಲಿ 2013ರ ಮೇ ತಿಂಗಳಲ್ಲಿ ಇಸ್ರೋದ ನ್ಯಾವಿಗೇಶನ್ ಕೇಂದ್ರ ಶುರುವಾಯ್ತು. ಉಪಗ್ರಹಗಳನ್ನ ನಿಯಂತ್ರಣ ಮಾಡೋದು ನಮ್ಮ ಹಾಸನದ ಕೇಂದ್ರ, ಜೊತೆಗೆ ಭೋಪಾಲ್. 2013ರ ಜುಲೈ 1ಕ್ಕೆ ಮೊದಲನೇದು, 2016ರ ಏಪ್ರಿಲ್ 28ಕ್ಕೆ ಏಳನೇದು ಹಾರಿತು. ಅವತ್ತೇ ಇದಕ್ಕ ನಾವಿಕ್ ಅಂತ ಹೆಸರಿಟ್ರು.

ಬದಲಿ ಸಾಮಾನಿನ ಕಷ್ಟ

ಒಂದು ಕೆಟ್ರ ಇನ್ನೊಂದು ಇರಲಿ ಅಂತ ಪ್ರತಿ ಉಪಗ್ರಹದಾಗ 3 ಗಡಿಯಾರ ಇಟ್ಟಿದ್ರು. ಎಲ್ಲಾ ಯುರೋಪಿನಿಂದ ತರಿಸಿದ್ದು. ಮೊದಲನೇ ಉಪಗ್ರಹಕ್ಕ 10 ವರ್ಷದ ಆಯುಷ್ಯ ಅಂದಿದ್ರು. ಏಳನೇದು ಹಾರಿ ವರ್ಷ ತುಂಬೋದ್ರೊಳಗ ಮೊದಲನೇದರ ಮೂರೂ ಗಡಿಯಾರ ನಿಂತವು. 2017ರ ಜನವರಿಯಲ್ಲಿ ಯುರೋಪಿನವರ ಗೆಲಿಲಿಯೋ ಉಪಗ್ರಹಗಳಲ್ಲೂ 9 ಗಡಿಯಾರ ಕೆಟ್ಟ ಸುದ್ದಿ ಬಂತು. ಉಪಗ್ರಹ ಜೀವಂತ ಐತಿ, ಕರೆಂಟ್ ಐತಿ, ಆದ್ರ ಟೈಮ್ ಹೇಳಾಕ ಬರಲ್ಲ. ಮೋಟಾರ್ ಸರಿ ಐತಿ, ಇಂಪೆಲ್ಲರ್ ಹೋಗೈತಿ ಅಂದಂಗ. ಬೋರ್ ಆದ್ರ ಪೈಪ್ ಎತ್ತಬಹುದು, 36,000 ಕಿಲೋಮೀಟರ್ ಮ್ಯಾಲಿಂದ ಏನು ಎತ್ತೋದು?

ಇರೋದು ಒಂದೇ ದಾರಿ, ಹೊಸದು ಹಾರಿಸೋದು. 2017ರ ಆಗಸ್ಟ್ 31ಕ್ಕೆ ಬದಲಿ ಉಪಗ್ರಹ ಹೊರಟಿತು. ರಾಕೆಟ್ ತುದಿಯ ಶಾಖ ಕವಚ ಬಿಚ್ಚಿಕೊಳ್ಳಲೇ ಇಲ್ಲ, ಉಪಗ್ರಹ ಒಳಗೇ ಸಿಕ್ಕಿಕೊಂಡಿತು. 2018ರ ಏಪ್ರಿಲ್ 12ಕ್ಕೆ ಮತ್ತೊಂದು ಹೋಗಿ ಜಾಗಾ ಹಿಡೀತು. 2023ರ ಮೇ 29ಕ್ಕೆ ಎನ್‌ವಿಎಸ್-01 ಹಾರಿತು. ಅದರಾಗ ನಮ್ಮ ದೇಶದಾಗೇ ಮಾಡಿದ ರುಬಿಡಿಯಂ ಗಡಿಯಾರ ಇತ್ತು, ಮೊಬೈಲಿಗೆ ಅನುಕೂಲ ಆಗೋ ಹೊಸ ಸಂಕೇತಾನೂ ಇತ್ತು. ಕೆಡೋ ಭಾಗ ನಾವೇ ಮಾಡಾಕ ಕಲಿತದ್ದು ದೊಡ್ಡ ಮಾತು. 2025ರ ಜನವರಿ 29ಕ್ಕೆ ಎನ್‌ವಿಎಸ್-02 ಹೋತು, ಶ್ರೀಹರಿಕೋಟಾದ 100ನೇ ಉಡಾವಣೆ. ರಾಕೆಟ್ ತನ್ನ ಕೆಲಸ ಮಾಡಿತು. ಆದ್ರ ಉಪಗ್ರಹದ ಎಂಜಿನ್ನಿಗೆ ಆಕ್ಸಿಡೈಸರ್ ಬಿಡೋ ವಾಲ್ವ್ ತೆರೀಲಿಲ್ಲ, ಸೇರಬೇಕಾದ ಕಕ್ಷೆ ಸೇರಲಿಲ್ಲ.

2025ರ ಜುಲೈನಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕ ಹಿಂಗಿತ್ತು: ಕಳಿಸಿದ್ದು 11. ಜಾಗಾ ತೋರಿಸಾಕ ಕೆಲಸ ಮಾಡ್ತಿರೋದು 4. ಬರೇ ಸಂದೇಶ ಕಳಿಸಾಕ ಬಳಸೋದು 4. ಆಯುಷ್ಯ ಮುಗಿದದ್ದು 1. ಗುರಿ ಮುಟ್ಟದ್ದು 2. ಕನಿಷ್ಠ ಬೇಕಾದದ್ದೂ 4, ಇದ್ದದ್ದೂ 4. ಎತ್ತಿನ ಜೋಡಿ ಇತ್ತು, ಮೂರನೇ ಎತ್ತು ಇರಲಿಲ್ಲ. ನಮ್ಮ ಮೊಬೈಲ್ ನಿಲ್ಲಲಿಲ್ಲ ಯಾಕಂದ್ರ ಅದು ಅಮೆರಿಕ, ರಷ್ಯಾ, ಯುರೋಪ್, ಚೀನಾದ ಸಂಕೇತಾನೂ ಹಿಡೀತೈತಿ. ಆದ್ರ ಮಂದಿ ಬಾವಿಯ ನೀರು ಎಷ್ಟು ದಿನ ನಂಬೋದು?

ನಮ್ಮ ಹೊಲಕ್ಕ ಇದರ ಪಾಠ

ಒಂದು, ಮೊಬೈಲ್ ನೋಡಿ ಬದು ಸರಿಸಬ್ಯಾಡ್ರಿ. ಮೊಬೈಲ್ 5 ಮೀಟರ್ ತಪ್ಪಿದ್ರ ಅದು 16 ಅಡಿ, ಅರ್ಧ ಸರಪಳಿ. ಸರ್ವೆಯವರ ರೋವರ್ ಬ್ಯಾರೆ, ಅದು ನೆಲದ ಮೇಲಿನ ಸ್ಥಿರ ಕೇಂದ್ರದಿಂದ ತಿದ್ದುಪಡಿ ತಗೊಂಡು ಸೆಂಟಿಮೀಟರ್ ಲೆಕ್ಕದಾಗ ಹೇಳ್ತೈತಿ. ತಕರಾರು ಇದ್ರ ಹದ್ದುಬಸ್ತಿಗೆ ಅರ್ಜಿ ಹಾಕ್ರಿ.

ಎರಡು, ಟ್ರ್ಯಾಕ್ಟರಿಗೆ ಟ್ರ್ಯಾಕರ್ ಹಾಕಸೋರು ಮಾರಾವನಿಗೆ ಬರೇ ರೇಟ್ ಕೇಳಬ್ಯಾಡ್ರಿ. ಒಳಗಿನ ಬ್ಯಾಟರಿ ಹೋದ್ರ ಸಿಗತೈತೇನು? ಸಿಮ್ ರಿಚಾರ್ಜ್ ಯಾರು ಮಾಡ್ಬೇಕು? ಕೆಟ್ರ ಎಷ್ಟು ದಿನದಾಗ ಬದಲಿ? ಇದನ್ನ ಬರೆಸಿಕೊಳ್ರಿ. ತಗಡಿನ ಕೆಳಗ ಕೂಡಿಸಿದ್ರ ಆಕಾಶ ಕಾಣಲ್ಲ, ಸಂಕೇತ ಹಿಡಿಯಲ್ಲ. ಗಾಡಿ ತೊಳಿಯುವಾಗ ನೀರು ಹೊಡೀಬ್ಯಾಡ್ರಿ, ವೈರಿನ ಜಾಯಿಂಟ್ ಸೀಜನ್ನಿಗೊಮ್ಮೆ ನೋಡ್ರಿ.

ಮೂರು, ಬಾಂದಕಲ್ಲು ಅಳ್ಳಾಡ್ತಿದ್ರ ಬಾಜೂ ಹೊಲದವರನ್ನ ಕರದು, ಇಬ್ಬರ ಎದುರಿಗೇ ಅದೇ ಜಾಗಾದಾಗ ಗಟ್ಟಿ ಮಾಡ್ರಿ, ಫೋಟೋ ಇಟ್ಕೊಳ್ರಿ. ಕಲ್ಲು ಪೂರ್ತಿ ಕಿತ್ತು ಹೋಗಿದ್ರ ಅಂದಾಜಿನ ಮ್ಯಾಲೆ ನೆಡಬ್ಯಾಡ್ರಿ, ಸರ್ವೆಯವರೇ ತೋರಿಸಲಿ.

ಹೊಸದು ಹಾರಿಸಿದ ದಿನ ಟಿವಿಯವರು ಬರ್ತಾರ, ಹಳೇದು ನಿಂತ ದಿನ ಯಾರೂ ಬರಲ್ಲ. ಆದ್ರ ಹೊಲದ ಹದ್ದು ಉಳಿಯೋದು ನಿಂತದ್ದನ್ನ ಯಾರರೆ ಬದಲ ಮಾಡಿದಾಗ ಮಾತ್ರ. ನಿಮ್ಮ ಹೊಲದ ನಾಲ್ಕೂ ಮೂಲಿ ಕಲ್ಲು ಅದಾವೇನು? ಈ ವಾರ ಒಂದು ಸುತ್ತು ಹಾಕಿ ನೋಡ್ರಿ.