ಸೀರೆ, ಚೌಡಿಕೆ ಮತ್ತು ಪೊಲೀಸರ ಪಟ್ಟಿ

1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳ್ಳರೆಂಬ ಹಣೆಪಟ್ಟಿ ಹಚ್ಚಿದ ಶಾಸನವೆಂಬುದು ಸಾಕಷ್ಟು ಚರ್ಚೆಯಾಗಿದೆ. ಆದರೆ ಅದರ ಎರಡನೆಯ ಭಾಗ ‘ನಪುಂಸಕ’ರನ್ನು, ಅಂದರೆ ತಾವೇ ಹಾಗೆಂದು ಒಪ್ಪಿಕೊಂಡ ಅಥವಾ ವೈದ್ಯಕೀಯ ತಪಾಸಣೆಯಲ್ಲಿ ಹಾಗೆ ಕಂಡುಬಂದ ಗಂಡಸರನ್ನು ಗುರಿಯಾಗಿಸಿತ್ತೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಮಕ್ಕಳನ್ನು ಅಪಹರಿಸುವ, ಅವರ ಬೀಜ ತೆಗೆಯುವ ಶಂಕೆಯಿದ್ದವರ ಹೆಸರು ಮತ್ತು ವಾಸಸ್ಥಳವನ್ನು ಪಟ್ಟಿಗೆ ಸೇರಿಸಬೇಕಿತ್ತು. ಸೇರಿಸಲು ಅಪರಾಧ ಸಾಬೀತಾಗಬೇಕಿರಲಿಲ್ಲ, ಶಂಕೆಯೇ ಸಾಕಿತ್ತು. ಹಾಗೆ ಹೆಸರು ಸೇರಿದವರು ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ, ಕುಣಿದರೆ, ವಾದ್ಯ ನುಡಿಸಿದರೆ ವಾರಂಟ್ ಇಲ್ಲದೆ ಬಂಧಿಸಿ 2 ವರ್ಷದವರೆಗೆ ಸೆರೆಯಲ್ಲಿಡಬಹುದಿತ್ತು. ಅವರು ಉಯಿಲು ಬರೆಯುವಂತಿರಲಿಲ್ಲ, ದತ್ತು ತೆಗೆದುಕೊಳ್ಳುವಂತಿರಲಿಲ್ಲ. ಉಡುಗೆ, ಅನ್ನ, ವಾರಸು ಮೂರನ್ನೂ ಒಟ್ಟಿಗೆ ಕಿತ್ತುಕೊಂಡ ಈ ಶಾಸನದ ಕ್ರೌರ್ಯ ಅದರ ನಿರ್ಭಾವುಕ ಭಾಷೆಯಲ್ಲಿಯೇ ಇದೆ. 1919ರಲ್ಲಿ ಹೈದರಾಬಾದ್ ನಿಜಾಮನ ಆಡಳಿತವೂ ಇದೇ ಬಗೆಯ ಕಾನೂನನ್ನು ತಂದಿತು. ಕಲಬುರಗಿ, ಬೀದರ, ರಾಯಚೂರುಗಳು ಆಗ ಆ ಸಂಸ್ಥಾನದ ಭಾಗವಾಗಿದ್ದವು.

ಕಾನೂನು ಶಿಕ್ಷಾರ್ಹವೆಂದ ಉಡುಗೆ ಮತ್ತು ವಾದ್ಯಗಳೇ ಉತ್ತರ ಕರ್ನಾಟಕದ ಜೋಗಪ್ಪಗಳ ಪಾಲಿಗೆ ದೇವತೆಯ ಗುರುತುಗಳು. ಗಂಡಾಗಿ ಹುಟ್ಟಿ ಹೆಣ್ಣಿನ ಭಾವ ತಳೆದವರನ್ನು ಸವದತ್ತಿಯ ಎಲ್ಲಮ್ಮ ತನ್ನವರನ್ನಾಗಿ ಮಾಡಿಕೊಂಡಳೆಂದು ನಂಬುವ ಜನ, ಅವರಿಗೆ ಮುತ್ತು ಕಟ್ಟಿಸುತ್ತಾರೆ, ಅಂದರೆ ಮಣಿಸರವನ್ನು ಕೊರಳಿಗೆ ಕಟ್ಟಿಸಿ ದೇವಿಗೆ ಒಪ್ಪಿಸುತ್ತಾರೆ. ಆ ಬಳಿಕ ಅವರು ಸೀರೆಯುಟ್ಟು, ಚೌಡಿಕೆಯೆಂಬ ತಂತಿವಾದ್ಯ ನುಡಿಸುತ್ತ, ಪಡಲಿಗೆಯೆಂಬ ಬುಟ್ಟಿ ಹಿಡಿದು ಜೋಗಕ್ಕೆ, ಎಂದರೆ ದೇವಿಯ ಹೆಸರಿನ ಭಿಕ್ಷೆಗೆ, ಮನೆಮನೆಗೆ ಹೋಗುತ್ತಾರೆ. ಇದನ್ನು ಸಮಾನತೆಯೆನ್ನುವುದು ತಪ್ಪಾದೀತು, ಏಕೆಂದರೆ ಅಂಗಳದಲ್ಲಿ ಕೈಮುಗಿದು ಕಾಳು ನೀಡುವ ಮನೆಯೇ ತನ್ನ ಮಗ ಜೋಗಪ್ಪನಾದಾಗ ಅವನನ್ನು ಹೊರಗಿಟ್ಟದ್ದುಂಟು. ಆದರೂ ಊರಿನ ನಡುವೆ ಅವರಿಗೊಂದು ಹೆಸರು ಮತ್ತು ಹೊತ್ತಿನ ಅನ್ನ ಇದ್ದವು, ಅವು ಸಣ್ಣವೇನಲ್ಲ.

ಪಟ್ಟಿ ಮಾಡುವ ಚಾಳಿ ಮಾತ್ರ ಸ್ವಾತಂತ್ರ್ಯಾನಂತರವೂ ಉಳಿಯಿತು. ಕರ್ನಾಟಕ ಪೊಲೀಸ್ ಕಾಯಿದೆಗೆ 2011ರಲ್ಲಿ ಸೇರಿಸಿದ 36ಎ ಕಲಮು, ಶಂಕೆಯ ಮೇಲೆ ‘ನಪುಂಸಕ’ರ ಹೆಸರು ಮತ್ತು ವಿಳಾಸ ದಾಖಲಿಸುವ ಅಧಿಕಾರವನ್ನು ಪೊಲೀಸ್ ಆಯುಕ್ತರಿಗೆ ಕೊಟ್ಟಿತು, 140 ವರ್ಷಗಳ ಹಿಂದಿನ ಆರೋಪಗಳೇ ಅಲ್ಲಿ ಮರುಕಳಿಸಿದ್ದವು. ಲಿಂಗತ್ವ ಅಲ್ಪಸಂಖ್ಯಾತರು ತಮ್ಮ ಲಿಂಗವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದದ್ದು 2014ರಲ್ಲಿ. ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ ಶೇ. 1 ಮೀಸಲಾತಿ ತಂದದ್ದು 2021ರಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ಬಂದ, ಇದೇ ಎಲ್ಲಮ್ಮನ ಪರಂಪರೆಯ ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿ, ಪ್ರಶಸ್ತಿ ಪಡೆಯುವ ಮುನ್ನ ತಮ್ಮ ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು.